ಸಿಕ್ಕಿಕೊಳ್ಳುವ ಜಾಗ

ಕಾಚರಕನಹಳ್ಳಿಯ ಗಾರ್ಮೆಂಟ್ಸಿನಲ್ಲಿ
ದಿನಕ್ಕೆ ಎಂಟುನೂರು ಗುಂಡಿ ಹಚ್ಚುತ್ತಿದ್ದೆ.
ಐದು ಗುಂಡಿ ಯಾವ ಲೆಕ್ಕ ಅಂದುಕೊಂಡೇ
ಚೌರಪ್ಪನ ಗೇಮ್ ಪಾರ್ಲರಿಗೆ ಹೊಕ್ಕೆ,
ಸಂಬಳದ ಶನಿವಾರ, ತಲೆಗೂದಲಲ್ಲಿನ್ನೂ ನೂಲಿನ ಧೂಳು.

ಹಸಿರು, ಕೆಂಪು, ಹಳದಿ, ನೀಲಿ, ಕಿತ್ತಳೆ.
ತಂತಿಯಿಲ್ಲದ ಪ್ಲಾಸ್ಟಿಕ್ ಗಿಟಾರು,
ಹೊಟ್ಟೆಯಲ್ಲಿ ಎರಡು ಪೆನ್ಸಿಲ್ ಸೆಲ್ಲು,
ಮುರಿದ ಕತ್ತಿಗೆ ಇನ್ಸುಲೇಶನ್ ಟೇಪು.
ಗಂಟೆಗೆ ಮೂವತ್ತು. ನನಗೆ ಮಾತ್ರ ಇಪ್ಪತ್ತೈದು:
"ಹುಡುಗ್ರು ಗುದ್ದುತಾರೆ, ನೀನು ಒತ್ತುತೀಯ."

ಡಿಸ್ಕು ತಂದದ್ದು ನ್ಯಾಶನಲ್ ಮಾರ್ಕೆಟ್ಟಿನಿಂದ,
ಯಾರೋ ಆಡಿ ಮಾರಿದ್ದು.
ಡಬ್ಬಿಯ ಮೇಲೆ ನೀಲಿ ಪೆನ್ನಿನಲ್ಲಿ ಯಾರದೋ ಹೆಸರು.
ಹೊಡೆದು ಹಾಕಿರಲಿಲ್ಲ ಚೌರಪ್ಪ.
"ಅವನದೂ ಹೌದು, ನಂದೂ ಹೌದು" ಅನ್ನುತ್ತಿದ್ದ,
ಚರ್ಚಿನ ಬೆಂಚಿನ ವಿಷಯ ಹೇಳುವ ಹಾಗೆ.

ಅಂಗಡಿಯ ಬೆನ್ನಿಗೇ ರೈಲುಹಳಿ.
ಒಂದು ಸಂಜೆ ಗೂಡ್ಸು ಹೋಗುವಾಗ ಟೇಬಲ್ಲು ನಡುಗಿ
ತಿರುಗುತ್ತಿದ್ದ ತಟ್ಟೆಗೆ ಗೀರು ಬಿತ್ತು,
ಬಳೆಯ ಹಾಗೆ ದುಂಡಗೆ.
ಹಲ್ಲಿನ ಪೇಸ್ಟು, ಬಾಳೆಹಣ್ಣಿನ ಸಿಪ್ಪೆ, ತನ್ನದೇ ಬನಿಯನ್ನು,
ಎಲ್ಲದರಲ್ಲೂ ಉಜ್ಜಿದ.
ಎಲ್ಲ ಹಾಡೂ ಬದುಕಿದವು, ಏಳನೆಯದೊಂದು ಬಿಟ್ಟು.
ಅದು, ನೀಲಿಯಿಂದ ಕಿತ್ತಳೆಗೆ ಜಾರುವಲ್ಲಿ, ಬಿಕ್ಕಳಿಸುತ್ತಿತ್ತು.
ಪರದೆ ನಿಲ್ಲುತ್ತಿತ್ತು.
ಹಾಡುವವನ ಬಾಯಿ ತೆರೆದೇ ಇರುತ್ತಿತ್ತು.
ಒಂದು, ಎರಡು, ಎರಡೂವರೆ. ಮತ್ತೆ ಹೊರಡುತ್ತಿತ್ತು.

ಮೊದಮೊದಲು ಬೈದೆವು. ಆಮೇಲೆ
ಲಿಂಗರಾಜಪುರದ ಅಷ್ಟೂ ಬೆರಳುಗಳು ಅಲ್ಲಿ ತಡೆಯಲು ಕಲಿತವು.
ಆ ಅರೆಗಳಿಗೆಯಲ್ಲಿ ನಾನು ಅಂಗೈ ಬೆವರು ಒರೆಸಿಕೊಳ್ಳುತ್ತಿದ್ದೆ,
ಡ್ರಮ್ಮಿನ ಜಬೀವುಲ್ಲಾ ಒಂದು ಗುಟುಕು ಟೀ.

ಆಮೇಲೆ ಬಂತು ಡಬ್ಬಿಯಿಲ್ಲದ ಹಾಡು.
ಒಂದಕ್ಕೆ ತೊಂಬತ್ತು ರೂಪಾಯಿ, ಅಳಿಯನ ಕಾರ್ಡಿನಲ್ಲಿ.
ರಾತ್ರಿಯಿಡೀ ಇಳಿಯುತ್ತಿತ್ತು,
ಸೋರುವ ನಲ್ಲಿಗೆ ಇಟ್ಟ ಕೊಡ ತುಂಬುವ ಹಾಗೆ.
ಎಂಬತ್ಮೂರಕ್ಕೆ ಕರೆಂಟು ಹೋದರೆ ಮತ್ತೆ ಸೊನ್ನೆಯಿಂದ.
ನೂರಾ ಹನ್ನೆರಡು ಕೂಡಿಸಿದ.
ಗೀರಿಲ್ಲ, ಕಳವಿನ ಭಯವಿಲ್ಲ,
ಯಾರಿಗೂ ಕೈಗಡ ಕೊಡುವ ಹಾಗೂ ಇಲ್ಲ.
"ಕನ್ನಡದ್ದು ಬರತ್ತಾ?" ಕೇಳಿದೆ ಒಂದು ಸಲ.
"ಬರತ್ತೆ ಕಣಮ್ಮ, ಆ ಅಂಗಡೀಲಿ ಏನು ಬೇಕಾದ್ರೂ ಬರತ್ತೆ.
ಬಾಡಿಗೆ ಕಟ್ಟಂಗಿಲ್ವಲ್ಲ."
ಅವನದು ಆಗ ಮೂರು ತಿಂಗಳು ಬಾಕಿ.

ಪಾರ್ಲರು ಮುಚ್ಚಿತು. ಈಗಲ್ಲಿ ನೀರಿನ ಕ್ಯಾನುಗಳು.
ಚೌರಪ್ಪ ಕಲ್ಪಳ್ಳಿಗೆ ಹೋದ.
ಆ ಇನ್ನೊಂದು ಅಂಗಡಿಯೂ ಮುಚ್ಚಿತು,
ಅದಕ್ಕೆ ಶಟರು ಇರಲಿಲ್ಲ, ಎಳೆದ ಸದ್ದು ಯಾರಿಗೂ ಕೇಳಲಿಲ್ಲ.
ಯಂತ್ರ ಸುಟ್ಟಿತ್ತು. ಮಗಳು ಜಸಿಂತಾ
ಅಂಥದೇ ಹಳೆಯದೊಂದು ಹುಡುಕಿ ತಂದು
ಅಪ್ಪನ ಗುಟ್ಟಿನ ಪದ ಊಹಿಸಿದಳು:
ತನ್ನದೇ ಹೆಸರು, ತಾನು ಹುಟ್ಟಿದ ವರ್ಷ.
ಬಾಗಿಲು ತೆರೆಯಿತು.
ನೂರಾ ಹನ್ನೆರಡು ಹೆಸರು, ಬೂದಿಬಣ್ಣದಲ್ಲಿ,
ಒತ್ತಿದರೆ ಅಲುಗುವುದಿಲ್ಲ.
ಕೊಂಡದ್ದಕ್ಕೆ ರಸೀತಿ ಇದೆ.

ಡಿಸ್ಕು ನನಗೆ ಕೊಟ್ಟಳು.
ಆಡಿಸಲು ನನ್ನಲ್ಲಿ ಏನೂ ಇಲ್ಲ;
ಅಡುಗೆಮನೆ ಕಿಟಕಿಗೆ ಕಟ್ಟಿದ್ದೇನೆ, ಪಾರಿವಾಳ ಬರುವುದಿಲ್ಲ.
ಬೆಳಗಿನ ಬಿಸಿಲಿಗೆ ಗೀರು ಮೊದಲು ಹೊಳೆಯುತ್ತದೆ.

ಮೊನ್ನೆ ಜಬೀವುಲ್ಲಾ ಕರೆದ. ಮಾಲೊಂದರ ಗೇಮ್ ಜೋನಿನಲ್ಲಿ
ಈಗ ಅವನಿಗೆ ಯೂನಿಫಾರ್ಮು, ಕೊರಳಲ್ಲಿ ಕಾರ್ಡು.
"ಏಳನೇದು ಸಿಕ್ಕಿದೆ ಅಕ್ಕ, ಇಳಿಸಿಕೊಂಡಿದೀವಿ, ಕ್ಲೀನಾಗಿದೆ."
ನಿಂತೆವು. ಹಸಿರು, ಹಳದಿ, ಮರೆತಿರಲಿಲ್ಲ ಕೈ.
ನೀಲಿ ಬಂತು.
ನನ್ನ ಬೆರಳು ನಿಂತಿತು. ಹಾಡು ನಿಲ್ಲಲಿಲ್ಲ.
ಹನ್ನೊಂದು ಗುಂಡಿ ಮುಟ್ಟದೇ ಹರಿದು ಹೋದವು.
ಪಕ್ಕಕ್ಕೆ ನೋಡಿದರೆ
ಅವನ ಎರಡೂ ಕಡ್ಡಿ ಗಾಳಿಯಲ್ಲೇ ನಿಂತಿವೆ.

ಹಿಂದೆ ಸಾಲಿನಲ್ಲಿದ್ದ ಹುಡುಗ ನಕ್ಕ:
"ಆಂಟಿ ಲ್ಯಾಗ್ ಆಗ್ತಿದಾರೆ."
ಇರಪ್ಪ ಒಂದು ನಿಮಿಷ, ಅಂದೆ,
ಗೂಡ್ಸು ಹೋಗ್ತಾ ಇದೆ.